ಹೊಟ್ಟೆಯನ್ನು ಗೆಲ್ಲುವ ದಾರಿ

ಕೊಲೆಯಲ್ಲ, ಕಳವಲ್ಲ, ನಾಲ್ಕು ತುತ್ತು ಹೆಚ್ಚು ಉಂಡದ್ದು ಪಾಪವೇ? ಕ್ರೈಸ್ತ ಪರಂಪರೆ ಹೊಟ್ಟೆಬಾಕತನವನ್ನು ಏಳು ಮೂಲದೋಷಗಳಲ್ಲಿ ಸೇರಿಸಿದ್ದನ್ನು ಕಂಡಾಗ ಈ ಪ್ರಶ್ನೆ ಏಳುವುದು ಸಹಜ. ಉತ್ತರ ಬೇಕಿದ್ದರೆ ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಗೆ ಹೋಗಬೇಕು.

ಕಾನ್‌ಸ್ಟಾಂಟಿನೋಪಲ್ ನಗರದ ವೈಭವವನ್ನು ತೊರೆದು ಆ ಮರುಭೂಮಿಯಲ್ಲಿ ನೆಲೆಸಿ, 399ರಲ್ಲಿ ತೀರಿಕೊಂಡ ವಿದ್ವಾಂಸರು ಇವಾಗ್ರಿಯಸ್. ಸಾಧಕನನ್ನು ಕಾಡುವ ದುರಾಲೋಚನೆಗಳು ಎಂಟು ಎಂದು ಎಣಿಸಿದ ಅವರು ಹೊಟ್ಟೆಬಾಕತನಕ್ಕೆ ಮೊದಲ ಸ್ಥಾನ ಕೊಟ್ಟರು. ವಿಶೇಷವೆಂದರೆ, ಅವರು ವರ್ಣಿಸಿದ್ದು ಮೃಷ್ಟಾನ್ನದ ಆಸೆಯನ್ನಲ್ಲ, ಭಯವನ್ನು. ಅರೆಹೊಟ್ಟೆಯಲ್ಲಿದ್ದರೆ ಜಠರ, ಯಕೃತ್ತು ಕೆಟ್ಟಾವು, ಕಾಯಿಲೆ ಬಿದ್ದರೆ ವೈದ್ಯರೂ ಸಿಗಲಾರರು ಎಂಬ ಚಿಂತೆಯೇ ಸನ್ಯಾಸಿಯನ್ನು ವ್ರತದಿಂದ ಜಾರಿಸುತ್ತದೆ ಎಂದು ಅವರು ಗುರುತಿಸಿದ್ದರು.

ಹಾಗೆಂದು ಉಪವಾಸವೇ ಮದ್ದಲ್ಲ. ಇದನ್ನು ಪಶ್ಚಿಮ ಯೂರೋಪಿಗೆ ತಿಳಿಸಿಕೊಟ್ಟವರು ಜಾನ್ ಕ್ಯಾಸಿಯನ್. ಈಜಿಪ್ಟಿನ ಹಿರಿಯರ ಬಳಿ ಕಲಿತು, ಮುಂದೆ ಮಾರ್ಸೇಲ್ಸ್‌ನಲ್ಲಿ ಮಠ ಕಟ್ಟಿದ ಅವರು ಮೋಸೆಸ್ ಎಂಬ ಗುರುವಿನ ಮಾತನ್ನು ದಾಖಲಿಸಿದ್ದಾರೆ. ದಿನಕ್ಕೆ ಎರಡು ಒಣರೊಟ್ಟಿ. ಎರಡೂ ಸೇರಿ ಒಂದು ರೋಮನ್ ಪೌಂಡಿನಷ್ಟು, ಎಂದರೆ ಸುಮಾರು 330 ಗ್ರಾಂ. ಬೆಂಜಮಿನ್ ಎಂಬ ಸನ್ಯಾಸಿಗೆ ಈ ನಿತ್ಯದ ಮಿತಿ ಒಗ್ಗಲಿಲ್ಲ. ಒಂದು ದಿನ ಪೂರ್ತಿ ಉಪವಾಸವಿದ್ದು ಮರುದಿನ ನಾಲ್ಕು ರೊಟ್ಟಿಯನ್ನೂ ಹೊಟ್ಟೆತುಂಬ ತಿನ್ನುವುದು ಅವನ ಹಟ. ಕೊನೆಗೆ ಅವನು ಮರುಭೂಮಿಯನ್ನೇ ಬಿಟ್ಟುಹೋದ. ಅತಿ ಉಪವಾಸವೂ ಅತಿ ಭೋಜನವೂ ಒಂದೇ ಕಡೆಗೆ ಮುಟ್ಟಿಸುತ್ತವೆ ಎಂಬುದೇ ಗುರುವಿನ ಪಾಠ.

ಕ್ಯಾಸಿಯನ್ ಹೇಳುವ ಇನ್ನೊಂದು ಪ್ರಸಂಗ ಮನಮುಟ್ಟುವಂಥದು. ಹಿರಿಯ ಸನ್ಯಾಸಿಯೊಬ್ಬರು ಒಂದೇ ದಿನ ಬಂದ ಅತಿಥಿಗಳಿಗಾಗಿ ಆರು ಸಲ ಊಟಕ್ಕಿಟ್ಟು, ಪ್ರತಿ ಸಲವೂ ಅವರೊಡನೆ ಕುಳಿತು ಉಂಡರು. ಆದರೂ ಅವರ ಹಸಿವು ಇಂಗಿರಲಿಲ್ಲ. ಅತಿಥಿಗೆ ಸಂಕೋಚವಾಗದಂತೆ ಕೈ ಜೋಡಿಸುವುದು, ತನ್ನ ಮಿತಿಯನ್ನು ಮಾತ್ರ ಮೀರದಿರುವುದು: ಸಂಯಮವೆಂದರೆ ಇದು.

ಈ ವಿವೇಕಕ್ಕೆ ಆರನೆಯ ಶತಮಾನದಲ್ಲಿ ಮಠದ ಕಟ್ಟಳೆಯ ರೂಪ ಕೊಟ್ಟವರು ಇಟಲಿಯ ಸಂತ ಬೆನೆಡಿಕ್ಟ್. ದಿನಕ್ಕೊಂದು ಪೌಂಡು ರೊಟ್ಟಿ, ಬೇಯಿಸಿದ ಎರಡು ಬಗೆಯ ಪದಾರ್ಥ. ಎರಡೇಕೆಂದರೆ, ಒಂದು ಒಗ್ಗದವನು ಇನ್ನೊಂದನ್ನು ಉಣ್ಣಲಿ ಎಂದು. ಹೆಚ್ಚು ದುಡಿದ ದಿನ ಹೆಚ್ಚು ಬಡಿಸಲು ಮಠಾಧಿಪತಿಗೆ ಅವಕಾಶ. ರೋಗಿಗಳಿಗೆ, ವೃದ್ಧರಿಗೆ, ಮಕ್ಕಳಿಗೆ ನಿಯಮ ಸಡಿಲ.

590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗೊರಿ ಹೊಟ್ಟೆಬಾಕತನದ ಐದು ಮುಖಗಳನ್ನು ತೋರಿಸಿದರು: ಹೊತ್ತಿಗೆ ಮುಂಚೆ ಉಣ್ಣುವುದು, ದುಬಾರಿ ತಿನಿಸನ್ನೇ ಬಯಸುವುದು, ರುಚಿಗೆಂದು ಅತಿಯಾಗಿ ಪಾಕ ಮಾಡಿಸುವುದು, ಮಿತಿಮೀರಿ ಉಣ್ಣುವುದು, ಆತುರದಿಂದ ಬಾಚುವುದು. ಈ ಲೆಕ್ಕದಲ್ಲಿ ಒಣರೊಟ್ಟಿಗೆ ಹಾತೊರೆಯುವ ಬಡಕಲು ಮನುಷ್ಯನೂ ಹೊಟ್ಟೆಬಾಕನಾದಾನು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಇದನ್ನು ಇನ್ನಷ್ಟು ಬಿಡಿಸಿದರು. ದೇಹಕ್ಕೆ ಇಷ್ಟು ಬೇಕೆಂದು ತಪ್ಪು ತಿಳಿದು ಹೆಚ್ಚು ಉಂಡರೆ ಅದು ಅನುಭವದ ಕೊರತೆ; ಬೇಡವೆಂದು ಗೊತ್ತಿದ್ದೂ ನಾಲಗೆಯ ಸುಖಕ್ಕಾಗಿ ಉಂಡರೆ ಮಾತ್ರ ಪಾಪ. ದೋಷ ಅನ್ನದಲ್ಲಿಲ್ಲ, ಹತೋಟಿ ತಪ್ಪಿದ ಬಯಕೆಯಲ್ಲಿದೆ.

ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮನ ಫಲಗಳನ್ನು ಎಣಿಸಿ, ಕೊನೆಯಲ್ಲಿ ಆತ್ಮಸಂಯಮವನ್ನು ಇಟ್ಟಿದ್ದಾರೆ. ಕನ್ನಡ ಬೈಬಲ್ಲು ಅದಕ್ಕೆ ಬಳಸಿದ ಪದ ‘ಶಮೆದಮೆ’. ಫಲವೆಂದ ಮೇಲೆ ಅದು ಒಂದು ದಿನದ ಹಟದಿಂದ ಬರುವುದಲ್ಲ, ದಿನದಿನದ ಆರೈಕೆಯಿಂದ ಮಾಗುವಂಥದು. ನಿತ್ಯವೂ ಎರಡು ರೊಟ್ಟಿಗೆ ತೃಪ್ತರಾದವರು ಕಂಡುಕೊಂಡದ್ದೂ ಇದನ್ನೇ.