ಊರು ‘ಓರ್’ ಆದ ಬಗೆ

ಇಂಗ್ಲಿಷಿನಲ್ಲಿ ಓ, ಆರ್, ಈ ಎಂಬ ಮೂರಕ್ಷರ ಕೂಡಿದರೆ ‘ಓರ್’, ಅಂದರೆ ಅದಿರು. ಮುಂದೆ ಎಂ ಬಂದರೆ ‘ಮೋರ್’, ಹೆಚ್ಚು. ಎಸ್ ಮತ್ತು ಎಚ್ ಬಂದರೆ ‘ಶೋರ್’, ಕಡಲತೀರ. ಅಕ್ಷರಗಳು ಒಂದೇ, ಅರ್ಥಗಳಿಗೆ ನಂಟಿಲ್ಲ. ಇಂಗ್ಲಿಷರ ಕಾಲದಲ್ಲಿ ಇದೇ ಮೂರಕ್ಷರ ನಮ್ಮ ‘ಊರು’ ಶಬ್ದಕ್ಕೆ ಅಂಟಿಕೊಂಡು ಬ್ಯಾಂಗಲೋರ್, ಮೈಸೋರ್, ಮ್ಯಾಂಗಲೋರ್‌ಗಳಾದವು. ಜನ ನೆಲೆಸಿದ ಜಾಗವೆಂಬ ಅರ್ಥವೇ ಅಳಿಸಿಹೋಯಿತು. ತಮಾಷೆಯೆಂದರೆ, ಕಬ್ಬಿಣದ ಅದಿರು ನಿಜವಾಗಿಯೂ ಸಿಗುವ ಬಳ್ಳಾರಿಗೆ ಆ ಬಾಲ ಬರಲೇ ಇಲ್ಲ. 2014ರ ನವೆಂಬರ್ 1ರಂದು ಈ ಮೂರೂ ಊರುಗಳಿಗೆ ಇಂಗ್ಲಿಷಿನಲ್ಲೂ ‘ಊರು’ ಮರಳಿತು.

ಅಂದು ಹೆಸರು ತಿದ್ದಿಸಿಕೊಂಡ 12 ನಗರಗಳಲ್ಲಿ ದಾವಣಗೆರೆ ಇರಲಿಲ್ಲ. ಇಲ್ಲಿಯ ಗೊಂದಲವೆಲ್ಲ ‘ಣ’ಕಾರದ ನಂತರದ ಒಂದು ‘ಎ’ ಅಕ್ಷರದ್ದು. ಮಹಾನಗರಪಾಲಿಕೆ ಅದನ್ನು ಬರೆಯುತ್ತದೆ, ವಿಶ್ವವಿದ್ಯಾನಿಲಯ ಬಿಡುತ್ತದೆ. ‘ಗೆರೆ’ ಉಳಿದಿದೆಯಲ್ಲ, ಹೆಸರಿನೊಳಗಿನ ಕೆರೆ ಬತ್ತಿಲ್ಲ.

ಚಿತ್ರದುರ್ಗದ ಹೆದ್ದಾರಿಯಲ್ಲಿರುವ ಆನಗೋಡಿನ ಪಾಡು ಬೇರೆ. ಅ, ಆ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ‘ಎ’. ಡ, ದ ಎರಡಕ್ಕೂ ಒಂದೇ ‘ಡಿ’. ಹೊರಗಿನವರು ‘ಅನಗೊದು’ ಎಂದು ಓದಿದರೆ ದೂರುವಂತಿಲ್ಲ. ಕೊನೆಯ ‘ಯು’ ಬಿಟ್ಟು ಬರೆದರಂತೂ ಬಾಲದಲ್ಲಿ ‘ಗಾಡ್’, ಸಾಕ್ಷಾತ್ ದೇವರೇ ಬಂದು ಕೂರುತ್ತಾನೆ!