ಕಟ್, ಕಾಪಿ, ಪೇಸ್ಟ್

ಕಂಪ್ಯೂಟರಿನಲ್ಲಿ ಪಠ್ಯ, ಚಿತ್ರ ಅಥವಾ ಕಡತಗಳನ್ನು ಸ್ಥಳಾಂತರಿಸಲು ಇಲ್ಲವೇ ಅವುಗಳ ನಕಲು ತೆಗೆಯಲು ಬಳಸುವ ಮೂರು ಆದೇಶಗಳು. ಕಟ್ ಆದೇಶವು ಆಯ್ದ ಪಠ್ಯವನ್ನು ಮೂಲದಿಂದ ತೆಗೆದು, ಕಾಪಿ ಆದೇಶವು ಮೂಲವನ್ನು ಹಾಗೆಯೇ ಉಳಿಸಿ, ಅದನ್ನು ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಇರಿಸುತ್ತವೆ; ಪೇಸ್ಟ್ ಆದೇಶವು ಅದನ್ನು ಬೇಕಾದೆಡೆ ಸೇರಿಸುತ್ತದೆ.

ಹಸ್ತಪ್ರತಿಯ ಭಾಗಗಳನ್ನು ಕತ್ತರಿಸಿ ಬೇರೆಡೆ ಅಂಟಿಸುವ ಸಂಪಾದಕರ ರೂಢಿಯನ್ನು ಕಂಪ್ಯೂಟರಿಗೆ ಅಳವಡಿಸುವ ಕೆಲಸ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡಿತು. ಅಲ್ಲಿನ ಆಲ್ಟೊ ಕಂಪ್ಯೂಟರಿಗೆಂದು ಸಿದ್ಧವಾಗಿದ್ದ ಬ್ರಾವೊ ತಂತ್ರಾಂಶದಲ್ಲಿ ಒಂದೇ ಕೀಲಿ ಒಮ್ಮೆ ಅಕ್ಷರವಾಗಿಯೂ ಇನ್ನೊಮ್ಮೆ ಆದೇಶವಾಗಿಯೂ ಕೆಲಸ ಮಾಡುತ್ತಿತ್ತು. ಆದೇಶದ ಸ್ಥಿತಿಯಲ್ಲಿರುವುದನ್ನು ಮರೆತು ‘ಎಡಿಟ್’ ಎಂಬ ಇಂಗ್ಲಿಷ್ ಪದವನ್ನು ಬೆರಳಚ್ಚಿಸಿದರೆ, ‘ಇ’ ಇಡೀ ದಸ್ತಾವೇಜನ್ನು ಆಯ್ದು, ‘ಡಿ’ ಅದನ್ನು ಅಳಿಸಿ, ‘ಐ’ ಹೊಸ ಬರಹಕ್ಕೆ ಎಡೆಮಾಡಿ, ಕೊನೆಗೆ ‘ಟಿ’ ಅಕ್ಷರವೊಂದೇ ಪರದೆಯಲ್ಲಿ ಉಳಿಯುತ್ತಿತ್ತು ಎಂಬುದು ಪ್ರಸಿದ್ಧ ಉದಾಹರಣೆ. ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅವರು ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನ ಸಂಸ್ಥೆಗಾಗಿ ರಚಿಸಿದ ಜಿಪ್ಸಿ ತಂತ್ರಾಂಶವು ಈ ತೊಡಕನ್ನು ನಿವಾರಿಸಿ, ಮೊದಲು ಮೌಸ್‌ನಿಂದ ಪಠ್ಯವನ್ನು ಆಯ್ದು ಆಮೇಲೆ ಆದೇಶ ನೀಡುವ ಕ್ರಮವನ್ನು ನೆಲೆಗೊಳಿಸಿತು.

1980ರಲ್ಲಿ ಆಪಲ್ ಸೇರಿದ ಟೆಸ್ಲರ್ ಅವರು ಲೀಸಾ ಕಂಪ್ಯೂಟರಿನ ನಿರ್ಮಾಣದಲ್ಲಿ ಪಾಲ್ಗೊಂಡರು. 1983ರಲ್ಲಿ ಹೊರಬಂದ ಲೀಸಾದಲ್ಲಿ ಕೀಲಿಮಣೆಯ ಕೆಳಸಾಲಿನಲ್ಲಿ ಒತ್ತಟ್ಟಿಗಿರುವ ಎಕ್ಸ್, ಸಿ, ವಿ ಕೀಲಿಗಳು ಈ ಮೂರು ಆದೇಶಗಳಿಗೆ ಮೀಸಲಾಗಿ, ಮುಂದೆ ಮ್ಯಾಕಿಂಟಾಶ್ ಮತ್ತು ವಿಂಡೋಸ್‌ಗಳ ಮೂಲಕ ಜಗತ್ತಿನಾದ್ಯಂತ ರೂಢಿಯಾದವು.

ಕಡತಗಳ ಇತಿಹಾಸ ಬೇರೆ ದಾರಿಯಲ್ಲಿ ಸಾಗಿತು. ಯುನಿಕ್ಸ್‌ನಲ್ಲಿ ನಕಲಿಗೂ ಸ್ಥಳಾಂತರಕ್ಕೂ 1970ರ ದಶಕದ ಆರಂಭದಿಂದಲೇ ಪ್ರತ್ಯೇಕ ಆದೇಶಗಳಿದ್ದರೆ, ಎಂಎಸ್-ಡಾಸ್‌ನಲ್ಲಿ 1993ರ ಆರನೆಯ ಆವೃತ್ತಿಯವರೆಗೆ ಕಡತವನ್ನು ನಕಲಿಸಿ, ಬಳಿಕ ಮೂಲವನ್ನು ಅಳಿಸುವುದೇ ಸಾಮಾನ್ಯ ವಿಧಾನವಾಗಿತ್ತು. ವಿಂಡೋಸ್ 95 ಕಡತಗಳಿಗೂ ಕಟ್, ಕಾಪಿ, ಪೇಸ್ಟ್ ಆದೇಶಗಳನ್ನು ಅನ್ವಯಿಸಿತು. ಇಲ್ಲಿ ಕ್ಲಿಪ್‌ಬೋರ್ಡ್ ಸೇರುವುದು ಕಡತದ ಒಳಗಣ ಮಾಹಿತಿಯಲ್ಲ, ಅದು ಎಲ್ಲಿದೆಯೆಂಬ ವಿವರ ಮಾತ್ರ. ಆದ್ದರಿಂದ ಕಟ್ ಮಾಡಿದ ಕಡತವು ಪೇಸ್ಟ್ ಆಗುವವರೆಗೆ ಮಸುಕಾದ ಚಿಹ್ನೆಯೊಂದಿಗೆ ಸ್ವಸ್ಥಾನದಲ್ಲೇ ಇರುತ್ತದೆ. ಒಂದೇ ಡಿಸ್ಕ್ ವಿಭಾಗದೊಳಗಿನ ಸ್ಥಳಾಂತರದಲ್ಲಿ ಕಡತಸೂಚಿಯ ನಮೂದಷ್ಟೇ ಬದಲಾಗುವುದರಿಂದ ದೊಡ್ಡ ಕಡತವೂ ಕ್ಷಣದಲ್ಲಿ ಸಾಗುತ್ತದೆ. ಪೆನ್‌ಡ್ರೈವಿಗೆ ಸಾಗಿಸುವಾಗ ಇಡೀ ಮಾಹಿತಿಯನ್ನು ನಕಲಿಸಿ ಮೂಲವನ್ನು ಅಳಿಸಬೇಕಾದ್ದರಿಂದ ಹೊತ್ತು ಹಿಡಿಯುತ್ತದೆ.

ಕನ್ನಡ ಪಠ್ಯದ ನಕಲಿಗೆ ಬೇರೊಂದು ಅಡ್ಡಿಯಿತ್ತು. ಯುನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕನ್ನಡದ ಅಕ್ಷರಭಾಗಗಳನ್ನು ಇರಿಸಿದ್ದವು. ಹಾಗಾಗಿ ಆ ಫಾಂಟ್ ಇಲ್ಲದೆಡೆ ಪೇಸ್ಟ್ ಮಾಡಿದ ಪಠ್ಯ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಪ್ರತಿ ಅಕ್ಷರಕ್ಕೂ ಸ್ವಂತ ಸಂಕೇತವಿರುವ ಯುನಿಕೋಡ್ ಈ ಅಡ್ಡಿಯನ್ನು ನೀಗಿಸಿದೆಯಾದರೂ, ಹಳೆಯ ಕಡತಗಳ ಪಠ್ಯವನ್ನು ಬೇರೆಡೆ ಬಳಸುವ ಮೊದಲು ಪರಿವರ್ತಕ ತಂತ್ರಾಂಶದ ನೆರವಿನಿಂದ ಯುನಿಕೋಡ್‌ಗೆ ಮಾರ್ಪಡಿಸಿಕೊಳ್ಳಬೇಕಾಗುತ್ತದೆ.