ವಿದ್ಯುತ್ ಕಂಪನಿಗಳ ಲೆಕ್ಕ ಕೇಳಿದ ತೀರ್ಪು

ಮನೆಗೆ ದೀಪ ಕೊಡುವ ಕಂಪನಿ ಮುಳುಗೀತೆಂದು 1920ರ ದಶಕದ ಅಮೆರಿಕದಲ್ಲಿ ಹೆಚ್ಚಿನವರು ಎಣಿಸಿರಲಿಲ್ಲ. ಸಣ್ಣ ಸಂಬಳದವರೂ ತಮ್ಮ ಉಳಿತಾಯವನ್ನು ಷಿಕಾಗೋದ ಸ್ಯಾಮ್ಯುಯೆಲ್ ಇನ್ಸಲ್‌ನ ಕಂಪನಿಗಳ ಷೇರುಗಳಲ್ಲಿ ತೊಡಗಿಸಿದ್ದರು. 1932ರಲ್ಲಿ ಆ ಸಾಮ್ರಾಜ್ಯ ಕುಸಿಯಿತು. ದೇಶ ಬಿಟ್ಟು ಗ್ರೀಸ್ ಸೇರಿದ ಇನ್ಸಲ್‌ನನ್ನು 1934ರಲ್ಲಿ ಹಿಡಿದು ತಂದು ವಿಚಾರಣೆಗೆ ಗುರಿಪಡಿಸಿದರೂ ಆತ ಖುಲಾಸೆಯಾದ. ಹೂಡಿದವರ ನಷ್ಟ ಮಾತ್ರ ಖುಲಾಸೆಯಾಗಲಿಲ್ಲ.

ರೋಗದ ಮೂಲವಿದ್ದದ್ದು ‘ಹೋಲ್ಡಿಂಗ್ ಕಂಪನಿ’ಯಲ್ಲಿ. ಅದು ತಾನಾಗಿ ವಿದ್ಯುತ್ ಉತ್ಪಾದಿಸುವುದಿಲ್ಲ, ತಂತಿಯನ್ನೂ ಎಳೆಯುವುದಿಲ್ಲ. ಆ ಕೆಲಸ ಮಾಡುವ ಕಂಪನಿಗಳ ಷೇರುಗಳನ್ನು ಹಿಡಿದುಕೊಂಡು ಕೂರುತ್ತದೆ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಸಾಲಪತ್ರ ಕೊಂಡ ಜನರದ್ದು ಬಂಡವಾಳ, ತುದಿಯಲ್ಲಿ ಕುಳಿತವನದ್ದು ಯಜಮಾನಿಕೆ. ಸಲಹೆ, ಮೇಲ್ವಿಚಾರಣೆ ಎಂದು ಮೇಲಿನವರು ಕೀಳುತ್ತಿದ್ದ ಶುಲ್ಕ ಕೊನೆಗೆ ಗ್ರಾಹಕರ ಬಿಲ್ಲಿಗೇ ಬಂದು ಸೇರುತ್ತಿತ್ತು. ಇಂಥ ಕಂಪನಿ ಹಲವು ರಾಜ್ಯಗಳಲ್ಲಿ ಕೈ ಚಾಚಿದ್ದರಿಂದ ಒಂದು ರಾಜ್ಯದ ನಿಯಂತ್ರಣ ಅದಕ್ಕೆ ತಾಗುತ್ತಲೇ ಇರಲಿಲ್ಲ.

1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ತಂದ ಕಾಯಿದೆ ಇದಕ್ಕೆ ಮದ್ದು. ಕಂಪನಿಗಳು ಸೆಕ್ಯುರಿಟೀಸ್ ಆಯೋಗದಲ್ಲಿ ನೋಂದಣಿಯಾಗಬೇಕು, ಹೊಸ ಷೇರು, ಸಾಲಪತ್ರಗಳಿಗೆ ಅದರ ಒಪ್ಪಿಗೆ ಪಡೆಯಬೇಕು. ಅನವಶ್ಯಕ ಅಂತಸ್ತುಗಳನ್ನು ಕೆಡವಬೇಕು. ಮಸೂದೆಯ ವಿರುದ್ಧ ಸಂಸತ್ ಸದಸ್ಯರಿಗೆ ತಂತಿಗಳ ಸುರಿಮಳೆಯಾಯಿತು. ಸೆನೆಟರ್ ಹ್ಯೂಗೋ ಬ್ಲ್ಯಾಕ್ ತನಿಖೆ ನಡೆಸಿದಾಗ, ಎಷ್ಟೋ ಸಹಿಗಳು ವಿಳಾಸ ಪುಸ್ತಕದಿಂದ ಹೆಕ್ಕಿದ ಹೆಸರುಗಳೆಂದು ಬಯಲಾಯಿತು!

ಕಾಯಿದೆ ಬಂದರೂ ದೊಡ್ಡ ಕಂಪನಿಗಳು ನೋಂದಣಿಗೆ ಒಪ್ಪಲಿಲ್ಲ. ಆಯೋಗ ‘ಎಲೆಕ್ಟ್ರಿಕ್ ಬಾಂಡ್ ಅಂಡ್ ಷೇರ್’ ಮೇಲೆ ದಾವೆ ಹೂಡಿತು. 1905ರಲ್ಲಿ ಅದನ್ನು ಹುಟ್ಟುಹಾಕಿದ್ದು ಜನರಲ್ ಎಲೆಕ್ಟ್ರಿಕ್ — ನಮ್ಮ ಶಿವನಸಮುದ್ರಕ್ಕೆ ಯಂತ್ರಗಳನ್ನು ಕಳಿಸಿದ ಕಂಪನಿಯೇ. ಸರ್ಕಾರದ ವಕೀಲರ ಜಾಣತನವನ್ನು ಇಲ್ಲಿ ಮೆಚ್ಚಬೇಕು. ಅವರು ಕೇಳಿದ್ದು ನೋಂದಣಿಯೊಂದನ್ನೇ. ಇಡೀ ಕಾಯಿದೆಯೇ ಅಸಿಂಧುವೆಂದು ಸಾರಬೇಕೆಂಬುದು ಕಂಪನಿಯ ಹಟ. ಅಪಾಯದ ಕಲಮುಗಳನ್ನು ಮುಂದಿಟ್ಟರೆ ಅಪಾಯವಿಲ್ಲದವೂ ಜೊತೆಗೇ ಬೀಳುತ್ತವೆಂಬ ಲೆಕ್ಕಾಚಾರ.

1938ರ ಮಾರ್ಚ್ 28ರಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ತೀರ್ಪಿತ್ತರು. ಈ ಕಂಪನಿಗಳ ವ್ಯವಹಾರ ರಾಜ್ಯಗಳ ಗಡಿ ದಾಟುತ್ತದೆ. ಆದ್ದರಿಂದ ಮಾಹಿತಿ ಕೇಳುವ ಅಧಿಕಾರ ಸಂಸತ್ತಿಗಿದೆ. ನೋಂದಣಿಯ ಕಲಮುಗಳು ತಮ್ಮಷ್ಟಕ್ಕೆ ನಿಲ್ಲಬಲ್ಲವು. ಉಳಿದವುಗಳ ಪ್ರಶ್ನೆ ಎದ್ದಾಗ ನೋಡೋಣ. ಭಿನ್ನಮತ ಮ್ಯಾಕ್‌ರೆನಾಲ್ಡ್ಸ್ ಒಬ್ಬರದೇ.

ಕೋರ್ಟು ಕೊಟ್ಟದ್ದು ಇಷ್ಟೇ ಆದರೂ ಆಯೋಗಕ್ಕೆ ಅಷ್ಟು ಸಾಕಾಗಿತ್ತು. ಲೆಕ್ಕಪತ್ರ ತೆರೆದ ಮೇಲೆ ಯಾರ ಮೇಲೆ ಯಾರು ಕುಳಿತಿದ್ದಾರೆಂಬುದು ಕಾಣತೊಡಗಿತು. ಅಂತಸ್ತು ಕೆಡವುವ ಕಲಮುಗಳನ್ನೂ 1946ರ ಎರಡು ತೀರ್ಪುಗಳಲ್ಲಿ ಕೋರ್ಟು ಎತ್ತಿಹಿಡಿಯಿತು. ಮೂಲ ಕಾಯಿದೆಯನ್ನು ರದ್ದುಮಾಡಲು ಸಂಸತ್ತು ತೀರ್ಮಾನಿಸಿದ್ದು 2005ರಲ್ಲಿ.